ಸೇತುವೆ ದಾಟಿದ ಮೇಲೆ ಕೈಬಿಡುವ ಕಾರು

ನಮ್ಮ ಅಳಿಯನಿಗೆ ಕೂತಲ್ಲಿ ಕೂರುವ ಗುಣ ಮೊದಲಿನಿಂದಲೂ ಇಲ್ಲ. ಊಟಕ್ಕೆ ಕೂತರೂ ಒಂದು ಮಂಡಿ ಕುಣಿಯುತ್ತಲೇ ಇರುತ್ತದೆ. ಇಪ್ಪತ್ತಾರು ವರ್ಷ ಲಾರಿ ಓಡಿಸಿದವರು ಬೆನ್ನು ಹಿಡಿದುಕೊಂಡ ಮೇಲೆ ಅದನ್ನು ಬಿಟ್ಟು, ರಕ್ತಪರೀಕ್ಷೆ ಮಾಡುವ ಲ್ಯಾಬಿನ ಕಾರಿಗೆ ಸೇರಿದರು. ದೂರದ ಆಸ್ಪತ್ರೆಗಳಿಂದ ರಕ್ತದ ಸೀಸೆಗಳನ್ನು ತಣ್ಣನೆಯ ಪೆಟ್ಟಿಗೆಯಲ್ಲಿಟ್ಟು ತರುವ ಕೆಲಸ.

ಲ್ಯಾಬಿನವರು ಹೊಸ ಕಾರು ಕೊಟ್ಟಾಗ ಮನೆಯಲ್ಲೆಲ್ಲ ಅದರದೇ ಸುದ್ದಿ. ಮುಂದಿನ ಗಾಜಿಗೆ ಅಂಟಿಸಿದ ಕ್ಯಾಮೆರಾ ರಸ್ತೆಯ ಬಿಳಿ ಗೆರೆ ನೋಡಿಕೊಂಡು ಸ್ಟಿಯರಿಂಗನ್ನು ತಾನೇ ತಿರುಗಿಸುತ್ತದಂತೆ, ಗೆರೆ ದಾಟಿದರೆ ಕೀಂ ಎನ್ನುತ್ತದಂತೆ.

"ನಾನು ಸುಮ್ನೆ ಕೈ ಇಟ್ಕೊಂಡಿದ್ರೆ ಸಾಕು ಅತ್ತೆ" ಎಂದರು.

ಮಗಳು ಬಿಡುತ್ತಾಳೆಯೇ. "ಕಾರು ಕೀಂ ಅಂದ್ರೆ ತಕ್ಷಣ ಕೇಳ್ತಾರೆ. ನಾನು ಇಪ್ಪತ್ತು ವರ್ಷದಿಂದ ಕೀಂ ಅಂತಿದೀನಿ, ಕಿವಿಗೇ ಬೀಳಲ್ಲ."

ಎರಡನೆಯ ತಿಂಗಳು ಅಳಿಯನ ಮುಖ ಇಳಿಯಿತು. ಸೇತುವೆ ದಾಟಿದ ಮೇಲಿನ ಒಂದು ಮೈಲಿಯಲ್ಲಿ, ಮಧ್ಯಾಹ್ನ ವಾಪಸು ಬರುವಾಗ, ಕಾರು ಹೇಳದೆ ಕೇಳದೆ ಸ್ಟಿಯರಿಂಗ್ ಬಿಟ್ಟುಬಿಡುತ್ತಿತ್ತು. ಕೀಂ ಅನ್ನುವುದೂ ಇಲ್ಲ. ಒಂದು ದಿನ ಬಿಡುತ್ತದೆ, ಮೋಡವಿದ್ದ ದಿನ ಬಿಡುವುದಿಲ್ಲ. ಸರ್ವಿಸ್ ಸೆಂಟರಿನಲ್ಲಿ ಕಂಪ್ಯೂಟರ್ ಹಚ್ಚಿ ನೋಡಿ, ಕಾರಿನಲ್ಲಿ ಏನೂ ದೋಷವಿಲ್ಲ ಎಂದರು. ಲ್ಯಾಬಿನ ಮ್ಯಾನೇಜರ್ ತಾನೇ ಒಂದು ಬೆಳಿಗ್ಗೆ ಅದೇ ದಾರಿಯಲ್ಲಿ ಓಡಿಸಿ ನೋಡಿದ. ಕಾರು ಮದುವೆ ಹೆಣ್ಣಿನ ಹಾಗೆ ತಲೆತಗ್ಗಿಸಿಕೊಂಡು ನೆಟ್ಟಗೆ ಹೋಯಿತು.

"ಕೈ ಸ್ವಲ್ಪ ಸಡಿಲ ಆಗಿರ್ಬೇಕು ನಿಮ್ದು. ವಯಸ್ಸಲ್ವಾ. ಸೋಮವಾರ ಕೀಲಿ ಕೊಟ್ಬಿಡಿ, ಒಳಗೇ ಏನಾದ್ರೂ ಕೆಲಸ ನೋಡೋಣ" ಎಂದನಂತೆ.

ಆವತ್ತಿನಿಂದ ಅಳಿಯನಿಗೆ ಕಾರಿನ ಮೇಲಿನ ಅನುಮಾನ ಹೋಗಿ ತಮ್ಮ ಮೇಲೇ ಅನುಮಾನ ಹತ್ತಿತು. ತುಂಬಿದ ಲೋಟ ಹಿಡಿದು ಕಿಟಕಿಯ ಬೆಳಕಿನಲ್ಲಿ ನೀರು ಅಲುಗುತ್ತದೆಯೇ ಎಂದು ನೋಡುವರು. ಬೀಗ ಹಾಕಿದ ಬಾಗಿಲನ್ನು ಮೂರು ಸಲ ಎಳೆದು ನೋಡುವರು. ಅವರ ತಂದೆಗೂ ಆ ವಯಸ್ಸಿಗೆ ಕೈ ನಡುಕ ಬಂದಿತ್ತು.

"ಮೇಜಿನ ಹಿಂದೆ ಕೂರಿಸಿದ್ರೆ ನಾನು ಆರು ತಿಂಗಳೂ ಬದುಕಲ್ಲ ಅತ್ತೆ" ಎಂದರು. ತಮಾಷೆಗೆ ಹೇಳಿದ್ದಲ್ಲ.

ಶುಕ್ರವಾರ ನನಗೆ ಕಣ್ಣಿನ ಆಸ್ಪತ್ರೆಗೆ ಹೋಗಬೇಕಿತ್ತು. ಪೊರೆ ತೆಗೆಸಿ ತಿಂಗಳಾಗಿತ್ತು. ಆಫೀಸಿನಲ್ಲಿ ಕೇಳಿಕೊಂಡು ಅದೇ ಕಾರಿನಲ್ಲಿ ಕರೆದುಕೊಂಡು ಹೋದರು. ವಾಪಸು ಸೇತುವೆ ದಾಟಿದೆವು. ಬಿಸಿಲು ಎದುರಿಗಿತ್ತು. "ನೋಡಿ, ಈಗ" ಎಂದರು. ಸ್ಟಿಯರಿಂಗ್ ಸಡಿಲವಾಯಿತು, ಅವರು ಹಿಡಿದರು. ನಾನು ನೋಡಿದ್ದು ರಸ್ತೆಯನ್ನು. ಬಿಳಿ ಗೆರೆಯ ಪಕ್ಕದಲ್ಲಿ, ಒಂದು ಮೊಳ ಆಚೆ, ಇನ್ನೊಂದು ಗೆರೆ ಬಿಸಿಲಿಗೆ ಮಿಂಚುತ್ತ ಓರೆಕೋರೆಯಾಗಿ ಹೋಗುತ್ತಿತ್ತು.

ಆ ಗೆರೆ ನನಗೆ ಗೊತ್ತು.

ನಾನೂ ನನ್ನ ಯಜಮಾನರೂ ರಸ್ತೆಗೆ ಬಣ್ಣ ಬಳಿಯುವ ಗುಂಪಿನಲ್ಲಿದ್ದವರು. ದಾರ ಕಟ್ಟಿ, ಅದರ ಗುಂಟ ಗೆರೆ ಎಳೆಯಬೇಕು. ಯಜಮಾನರಿಗೆ ತಮ್ಮ ಕಣ್ಣಿನ ಮೇಲೆ ಭಾರೀ ಜಂಬ. ಆ ಮೈಲಿಯಲ್ಲಿ ಗುಂಪಿನವರ ಜೊತೆ ಪಂಥ ಕಟ್ಟಿ ದಾರವಿಲ್ಲದೆ ಎಳೆದರು. ತಿರುಗಿ ನೋಡಿದರೆ ಗೆರೆ ಕುಡಿದವನ ನಡಿಗೆ. ಸಾಹೇಬರು ನೋಡಲು ಬರುವ ಮೊದಲು ಅದರ ಮೇಲೆಲ್ಲ ಡಾಂಬರು ಬಳಿದು, ಪಕ್ಕದಲ್ಲಿ ಹೊಸದು ಎಳೆದೆವು. ಡಾಂಬರು ಬಳಿದವಳು ನಾನೇ. ಯಾರಿಗೂ ಹೇಳಬೇಡ ಎಂದಿದ್ದರು. ಹೇಳಿರಲಿಲ್ಲ. ಈಗ ಡಾಂಬರು ಸವೆದು ಹಳೆಯದು ಮೇಲೆದ್ದಿತ್ತು. ಬೆಳಿಗ್ಗೆ ಬಿಸಿಲು ಬೆನ್ನಿಗಿರುತ್ತದೆ, ಕಾಣುವುದಿಲ್ಲ. ಮಧ್ಯಾಹ್ನ ಎರಡೂ ಕಂಡು ಪಾಪ ಕಾರಿಗೆ ಯಾವುದನ್ನು ನಂಬಬೇಕೋ ತಿಳಿಯದು.

ಸತ್ತವರ ಮೇಲೆ ತಪ್ಪು ಹೊರಿಸಲು ನಾಲಿಗೆ ಏಳಲಿಲ್ಲ. ಆದರೆ ಪಕ್ಕದಲ್ಲಿ ಬದುಕಿದ್ದವರು ಒಂದು ಕೈ ಬಿಡಿಸಿ ಬೆರಳು ನೋಡಿಕೊಳ್ಳುತ್ತಿದ್ದರು. ಅಲ್ಲೇ ಹೇಳಿಬಿಟ್ಟೆ.

ಶನಿವಾರ ಮಧ್ಯಾಹ್ನ ಮ್ಯಾನೇಜರನ್ನು ಮುಂದೆ ಕೂರಿಸಿ, ನಾನು ಹಿಂದೆ ಕೂತು ಹೋದೆವು. "ಅಜ್ಜಿ ಕಾರಿನ ಡಾಕ್ಟರ್ರಾ?" ಎಂದು ಆತ ನಕ್ಕ. ಸೇತುವೆ ದಾಟುತ್ತಲೇ ಕಾರು ಕೈಬಿಟ್ಟಿತು. ಆತ ಬಾಗಿಲಿನ ಹಿಡಿಗೆ ಜೋತುಬಿದ್ದ. ಅಳಿಯ ಮಾತ್ರ ಒಂದಿಂಚೂ ಅತ್ತಿತ್ತ ಹೋಗಗೊಡಲಿಲ್ಲ. ಎರಡು ಗೆರೆಗಳನ್ನೂ ಬೆರಳು ಮಾಡಿ ತೋರಿಸಿದೆ. ಆಫೀಸಿಗೆ ಹೋಗಿ ಕಾರಿನ ದಾಖಲೆ ತೆಗೆಸಿದ. ಹದಿನೇಳು ಸಲ ಕಾರು ಬಿಟ್ಟಿತ್ತು, ಹದಿನೇಳು ಸಲವೂ ರೆಪ್ಪೆ ಬಡಿಯುವುದರೊಳಗೆ ಇವರು ಹಿಡಿದಿದ್ದರು.

"ಕೀಲಿ ನಿಮ್ಮ ಹತ್ರಾನೇ ಇರ್ಲಿ" ಎಂದ ಮ್ಯಾನೇಜರ್.

ಇಷ್ಟಾದ ಮೇಲಾದರೂ ನೆಮ್ಮದಿಯಾಗಿ ಕೂರುತ್ತಾರೆ ಅಂದುಕೊಂಡೆವು. ಮಾರನೆಯ ದಿನ ಬೆಳಿಗ್ಗೆಯೇ ಅಂಗಳದಲ್ಲಿ ಶತಪಥ ಹಾಕುತ್ತಿದ್ದರು.

"ಮತ್ತೇನ್ರೀ?" ಎಂದಳು ಮಗಳು.

"ನನ್ ಕೈ ಸರಿ ಇದೆ, ಹಿಡ್ಕೋತು. ಅಂಥ ಕಾರು ಈಗ ಊರ ತುಂಬಾ ಇವೆ ಕಣೇ. ಅದನ್ನೇ ನಂಬ್ಕೊಂಡು ಫೋನ್ ನೋಡ್ತಾ ಬರೋನು ಏನ್ಮಾಡ್ತಾನೆ?"

ರಸ್ತೆ ಇಲಾಖೆಗೆ ಅರ್ಜಿ ಬರೆಸಿದರು. ತಪ್ಪು ಯಾರದು ಎಂದು ಬರೆಯುವ ಕಡೆ ಅಳಿಯ ಹಿಂಜರಿದರು. ಯಜಮಾನರ ಹೆಸರನ್ನೂ ನನ್ನ ಹೆಸರನ್ನೂ ನಾನೇ ಹೇಳಿ ಬರೆಸಿ ರುಜು ಹಾಕಿದೆ. ನೋಡೋಣ ಎಂದಿದ್ದಾರೆ ಇಲಾಖೆಯವರು. ಅಳಿಯ ಮೊನ್ನೆ ಮೂರನೇ ಸಲ ಹೋಗಿ, ಅಲ್ಲಿ ಕುರ್ಚಿ ಕೊಟ್ಟರೂ ಕೂರದೆ, ಬಾಗಿಲಲ್ಲೇ ನಿಂತು ಬಂದರು.