ಚಿಲಕ ತೆಗೆಯದ ಪುಟ

ಆ ಕಚೇರಿಯಲ್ಲಿ ಅವಳನ್ನು ಎಲ್ಲರೂ ಹಣೆಬರಹದಕ್ಕ ಎಂದು ಕರೆಯುತ್ತಿದ್ದರು. ಹಾಗೆ ಹೆಸರಿಟ್ಟವನು ಕೆಲಸ ಬಿಟ್ಟು ಎಷ್ಟೋ ವರ್ಷಗಳಾಗಿದ್ದವು, ಹೆಸರು ಮಾತ್ರ ಬಿಟ್ಟುಹೋಗಿರಲಿಲ್ಲ. ವೆಬ್‌ಸೈಟಿನ ಪ್ರತಿ ಪುಟಕ್ಕೂ ಕಣ್ಣಿಗೆ ಕಾಣುವ ಮೈ ಇರುವ ಹಾಗೆ ಕಾಣದ ತಲೆಯೂ ಒಂದಿರುತ್ತದೆ. ಆ ತಲೆಯಲ್ಲಿ ಬರೆದಿಡುವ ಸಾಲುಗಳನ್ನು ಮೆಟಾ ಟ್ಯಾಗ್ ಎನ್ನುತ್ತಾರೆ. ಪುಟ ನೋಡುವವರಿಗೆ ಅವು ಕಾಣಿಸುವುದಿಲ್ಲ. ಹುಡುಕುವ ಯಂತ್ರ ಓದಿಕೊಳ್ಳುತ್ತದೆ. ಈ ಪುಟ ಯಾವುದರ ಬಗ್ಗೆ, ಇದನ್ನು ಜನರಿಗೆ ತೋರಿಸಬಹುದೋ ಬಾರದೋ, ತೋರಿಸಿದರೆ ಹೆಸರಿನ ಕೆಳಗೆ ಯಾವ ಎರಡು ಸಾಲು ಹಾಕಬೇಕು ಎನ್ನುವುದೆಲ್ಲ ಅಲ್ಲಿರುತ್ತದೆ. ಅದನ್ನು ಬರೆಯುವುದು ಅವಳ ಕೆಲಸ.

ವೆಬ್‌ಸೈಟು ಮಾಡಿಕೊಡುವ ಆ ಕಚೇರಿ ಟೈರ್ ಅಂಗಡಿಯೊಂದರ ಮೇಲಿತ್ತು. ಮೆಟ್ಟಿಲು ಹತ್ತಿ ಬಂದವರ ಬಟ್ಟೆಗೆ ರಬ್ಬರ್ ವಾಸನೆ ಅಂಟಿಕೊಂಡೇ ಬರುತ್ತಿತ್ತು. ಅವಳ ಗಂಡ ಮತ್ತು ಮೈದುನ ಸೇರಿ ಅದನ್ನು ಶುರು ಮಾಡಿದ್ದರು. ಗಂಡ ಕೆಲಸದವನು, ಮೈದುನ ಮಾತಿನವನು. ಕೆಲಸದವನು ಒಂದು ಮಧ್ಯಾಹ್ನ ಕುರ್ಚಿಯಲ್ಲಿ ಕೂತಲ್ಲೇ ಹೋಗಿಬಿಟ್ಟ. ಆಮೇಲೆ ಮೈದುನ, "ಅತ್ತಿಗೆ, ನೀವೂ ಆಫೀಸಿಗೆ ಬನ್ನಿ. ಮನೇಲಿ ಒಬ್ರೇ ಕೂತು ಏನು ಮಾಡ್ತೀರಿ?" ಎಂದ. ಒಳ್ಳೆಯ ಮಾತೇ. ಆದರೆ ಆ ಮಾತನ್ನು ಅವಳು ಮತ್ತೆ ಮತ್ತೆ ತಿರುವಿ ನೋಡುತ್ತಲೇ ಇದ್ದಳು. ಕರೆದದ್ದು ಕೆಲಸಕ್ಕೋ, ಕನಿಕರಕ್ಕೋ? ಮೈದುನನ ಮನೆಯ ಹಿಂಬದಿಯ ಕೋಣೆಯಲ್ಲಿ ಮಲಗಿ, ಅವರ ಮೇಜಿನಲ್ಲೇ ಉಣ್ಣುವವಳಿಗೆ ಈ ಪ್ರಶ್ನೆ ಸಣ್ಣದಲ್ಲ. ತಾನು ತಿನ್ನುವುದು ದುಡಿದ ಅನ್ನ, ಹಂಗಿನ ಅನ್ನವಲ್ಲ ಎಂದು ದಿನವೂ ತನಗೆ ತಾನೇ ಹೇಳಿಕೊಳ್ಳುವುದಕ್ಕೆ ಅವಳಿಗೆ ಇದ್ದದ್ದು ಆ ಕಾಣದ ಸಾಲುಗಳು ಮಾತ್ರ.

ಅವಳು ಆ ಕೆಲಸವನ್ನು ಶ್ರದ್ಧೆಯಿಂದ ಕಲಿತಳು. ಮೊದಮೊದಲು ಕೀವರ್ಡ್ ಟ್ಯಾಗಿಗೆ ಭಾರೀ ಬೆಲೆಯಿತ್ತು. ಪುಟದ ವಿಷಯದ ಮಾತುಗಳನ್ನು ಸಾಲಾಗಿ ಬರೆದಿಟ್ಟರೆ ಯಂತ್ರ ನಂಬುತ್ತಿತ್ತು. ನಂಬುವವರಿದ್ದರೆ ಮೋಸ ಮಾಡುವವರು ಹುಟ್ಟಿಕೊಳ್ಳುತ್ತಾರೆ. ಪೈಪು ಮಾರುವವರು ಪುಟದ ತಲೆಯಲ್ಲಿ ಸಿನಿಮಾ ನಟಿಯರ ಹೆಸರು ತುಂಬಿದರು. ಯಂತ್ರ ಆ ಸಾಲನ್ನು ಓದುವುದನ್ನೇ ಬಿಟ್ಟಿತು. ಇದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ವರ್ಷಗಟ್ಟಲೆ ಆ ಸಾಲು ತುಂಬುತ್ತಲೇ ಇದ್ದಳು. ತಮ್ಮ ಅಂಗಡಿಯ ಮಾತುಗಳನ್ನು ಅಚ್ಚುಕಟ್ಟಾಗಿ ಪೋಣಿಸಿದ್ದು ಕಂಡರೆ ಗಿರಾಕಿಗಳಿಗೆ ಖುಷಿ, ಬಿಲ್ ಮಾಡಲು ಮೈದುನನಿಗೆ ಅನುಕೂಲ, ಅವಳಿಗೆ ಕೈತುಂಬ ಕೆಲಸ. ಮೂವರಿಗೂ ಒಳ್ಳೆಯದಾಗುವ ಸುಳ್ಳನ್ನು ಯಾರೂ ಸುಳ್ಳು ಎನ್ನುವುದಿಲ್ಲ.

ಉಳಿದ ಸಾಲುಗಳು ಸುಳ್ಳಾಗಿರಲಿಲ್ಲ. ಅವುಗಳಲ್ಲಿ ಒಂದನ್ನು ಆ ಕಚೇರಿಯಲ್ಲಿ ಚಿಲಕ ಎನ್ನುತ್ತಿದ್ದರು. ಹೊಸ ಸೈಟು ಕಟ್ಟುತ್ತಿರುವಾಗ ಅರೆಬರೆ ಪುಟ ಯಾರ ಕಣ್ಣಿಗೂ ಬೀಳಬಾರದೆಂದು ಅದರ ತಲೆಯಲ್ಲಿ ಒಂದು ಸಾಲು ಹಾಕುತ್ತಾರೆ: ಹುಡುಕುವ ಯಂತ್ರವೇ, ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ. ಯಂತ್ರ ಬೇರೆ ಯಾವ ಸಾಲನ್ನು ನಂಬದಿದ್ದರೂ ಇದನ್ನು ನಂಬುತ್ತದೆ. ಸೈಟು ಮುಗಿದು ಜನರಿಗೆ ತೆರೆಯುವ ದಿನ ಆ ಚಿಲಕ ತೆಗೆಯಬೇಕು. ತೆಗೆಯುವುದು ಹಣೆಬರಹದಕ್ಕನ ಪಾಲಿನ ಕೊನೆಯ ಕೆಲಸ. ಅವಳು ಒಮ್ಮೆಯೂ ಮರೆತಿರಲಿಲ್ಲ.

ಹೀಗಿರುವಾಗ ಮೈದುನನ ಮಗಳು ಓದು ಮುಗಿಸಿ ಕಚೇರಿಗೆ ಬಂದಳು. ಚುರುಕು ಹುಡುಗಿ, ಕೆಟ್ಟವಳಲ್ಲ. ಬಂದ ಹೊಸತರಲ್ಲೇ ಎಲ್ಲರೂ ಕೂತಿದ್ದಾಗ ಕೇಳಿದಳು.

"ದೊಡ್ಡಮ್ಮ, ಕೀವರ್ಡ್ ಟ್ಯಾಗ್ ಇನ್ನೂ ತುಂಬಿಸ್ತಾ ಇದ್ದೀರಾ?"

"ಗಿರಾಕಿಗಳು ಕೇಳ್ತಾರೆ."

"ಮನೆಯವರು ಕೇಳ್ತಾರೆ ಅಂತ ಸತ್ತವರಿಗೆ ಔಷಧಿ ಕುಡಿಸ್ತಾರಾ?"

ಯಾರೋ ನಕ್ಕರು.

"ಅದು ಸತ್ತಿದೆ, ಒಪ್ಪಿದೆ. ಕೆಳಗಿನ ಎರಡು ಸಾಲಿನ ವಿವರಣೆ ಸತ್ತಿಲ್ಲ" ಎಂದಳು ಇವಳು.

"ಅದನ್ನ ಬರೆದ್ರೂ ಪುಟ ಮೇಲೆ ಬರಲ್ಲ ದೊಡ್ಡಮ್ಮ. ಎಷ್ಟೋ ಸಲ ನೀವು ಬರೆದಿದ್ದನ್ನ ತೋರಿಸೋದೂ ಇಲ್ಲ. ಯಂತ್ರ ತನಗೆ ಬೇಕಾದ್ದನ್ನ ಪುಟದಿಂದ ಎತ್ಕೊಳ್ಳುತ್ತೆ."

"ಮೇಲೆ ಬರಲ್ಲ. ಆದ್ರೆ ಓದಿದವರು ಒಳಗೆ ಬರ್ತಾರೆ."

"ಬರಲಿ. ಅದಕ್ಕೆ ಒಂದು ಆಳು ಬೇಕಾ? ಪ್ರೋಗ್ರಾಂ ಬರೆಯುತ್ತೆ."

ಮೈದುನ ತನ್ನ ಫೋನಿನಿಂದ ತಲೆ ಎತ್ತಿದ. "ಅತ್ತಿಗೆ, ನೀವು ಇನ್ನು ಮೇಲೆ ಬಾಗಿಲ ಹತ್ತಿರ ಕೂತು ಫೋನ್ ನೋಡ್ಕೊಳ್ಳಿ. ಆರಾಮದ ಕೆಲಸ."

"ಅಂದ್ರೆ ನನ್ನ ಕೆಲಸ ಬೇಡ."

"ಬೇಡ ಅಂದ್ನಾ? ಮನೆಯವರು ನೀವು. ನಿಮಗೆ ಕೆಲಸ ಇಲ್ಲ ಅನ್ನೋಕಾಗುತ್ತಾ?"

ಅವನು ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

ಅಂದು ಊಟಕ್ಕೆ ಕೂತಾಗ ಓರಗಿತ್ತಿ ಬಡಿಸುತ್ತಾ, "ಫೋನ್ ಕೆಲಸವಂತೆ ಅಕ್ಕ, ಒಳ್ಳೇದಾಯ್ತು. ಕಣ್ಣಿಗೆ ಆಯಾಸ ಇಲ್ಲ. ಇಷ್ಟು ವರ್ಷ ಅದೇನು ಬರೀತಿದ್ರೋ, ನನಗಂತೂ ಒಂದು ದಿನವೂ ಕಾಣಿಸಲಿಲ್ಲ" ಎಂದಳು.

"ಕಾಣಿಸೋ ಹಾಗೆ ಬರೆಯೋದಲ್ಲ ಅದು."

"ಕಾಣದ ಕೆಲಸಕ್ಕೆ ಕಾಣೋ ಸಂಬಳ. ಪುಣ್ಯ ಮಾಡಿದ್ರಿ ಬಿಡಿ."

ತಟ್ಟೆಯಲ್ಲಿದ್ದ ಅನ್ನವನ್ನು ಅವಳು ಮುಗಿಸಿದಳು. ಬಿಟ್ಟರೆ ಅದಕ್ಕೂ ಒಂದು ಮಾತು ಬರುತ್ತಿತ್ತು.

ಹಳೆಯ ಮೇಜು ಬಿಡುವ ಮೊದಲು ಅವಳ ಕೈಗೆ ಬಂದ ಕೊನೆಯ ಕೆಲಸ ಬೂಟಿನವನದು. ಒಂದು ಕಾಲು ಗಿಡ್ಡವಿದ್ದವರಿಗೆ, ಪಾದ ಸೊಟ್ಟಗಿದ್ದವರಿಗೆ ಅಳತೆ ತೆಗೆದು ಬೂಟು ಹೊಲಿಯುವವನು ಅವನು. ದಾರಿಯಲ್ಲಿ ಹೋಗುವವರು ನಿಂತು ಕೊಳ್ಳುವ ಸಾಮಾನಲ್ಲ ಅದು. ಬೇಕಾದವರು ಎಲ್ಲೆಲ್ಲೋ ಇರುತ್ತಾರೆ, ಹುಡುಕಿಕೊಂಡು ಬರಬೇಕು. ಅವನ ಹಳೆಯ ಸೈಟು ಮಾಡಿಕೊಟ್ಟವನು ಅವಳ ಗಂಡನೇ. ಅದು ಹಳತಾಗಿ, ಈಗ ಹೊಸದು ಮಾಡಿಸುತ್ತಿದ್ದ.

"ನಿಮ್ಮನ್ನ ಜನ ಏನಂತ ಹುಡುಕ್ತಾರೆ?" ಎಂದು ಕೇಳಿದಳು.

"ಕದ್ದು ಹುಡುಕ್ತಾರೆ ಮೇಡಂ. ಅಂಗಡಿ ಅಂಗಡಿ ಸುತ್ತಿ ಕೇಳೋಕೆ ನಾಚಿಕೆ. ಫೋನಲ್ಲಾದ್ರೆ ಯಾರಿಗೂ ಗೊತ್ತಾಗಲ್ಲ. 'ಒಂದು ಕಾಲು ಗಿಡ್ಡ, ಬೂಟು' ಅಂತ ಹೊಡೀತಾರೆ."

ಅವಳು ಸ್ವಲ್ಪ ಹೊತ್ತು ಯೋಚಿಸಿ ಬರೆದಳು: ಒಂದು ಕಾಲು ಗಿಡ್ಡವೇ? ನಿಮ್ಮ ಕಾಲಿಗೆ ತಕ್ಕ ಬೂಟು ಮಾಡುತ್ತೇನೆ. ಅಳತೆ ನಾನೇ ತೆಗೆಯುತ್ತೇನೆ. ಆಗ ಕೋಣೆಯಲ್ಲಿ ಬೇರೆ ಯಾರೂ ಇರುವುದಿಲ್ಲ.

ಬೂಟಿನವನು ತುಟಿ ಆಡಿಸುತ್ತಾ ಓದಿದ. "ಬೇರೆ ಯಾರೂ ಇರಲ್ಲ ಅನ್ನೋದು ನನಗೆ ಹೊಳೆದೇ ಇರಲಿಲ್ಲ. ಇದನ್ನ ಮಾತ್ರ ಬದಲಾಯಿಸಬೇಡಿ" ಎಂದು ಹುಡುಗಿಗೂ ಹೇಳಿ ಹೋದ. ಹುಡುಗಿ ಬದಲಾಯಿಸಲಿಲ್ಲ.

ಸೈಟು ತೆರೆಯುವ ದಿನ ಹಣೆಬರಹದಕ್ಕ ಆಗಲೇ ಬಾಗಿಲ ಬಳಿಯ ಮೇಜಿಗೆ ಬಂದಿದ್ದಳು. ಅವಳ ಪಾಸ್‌ವರ್ಡ್ ತೆಗೆದುಹಾಕಿದ್ದರು. "ತಲೆ ಕಡೆ ನೀವು ನೋಡೋದೇ ಬೇಡ ದೊಡ್ಡಮ್ಮ, ಎಲ್ಲ ಪ್ರೋಗ್ರಾಂ ನೋಡ್ಕೊಳ್ಳುತ್ತೆ" ಎಂದಿದ್ದಳು ಹುಡುಗಿ. ತಿದ್ದಲು ಪಾಸ್‌ವರ್ಡ್ ಬೇಕು, ನೋಡುವ ದಾರಿ ಗೊತ್ತಿದ್ದವರಿಗೆ ನೋಡಲು ಬೇಡ; ಅಭ್ಯಾಸ ಬಿಡದೆ ಅವಳು ಬೂಟಿನವನ ಪುಟ ತೆರೆದು ಅದರ ತಲೆ ನೋಡಿದಳು. ಅವಳು ಬರೆದ ಎರಡು ಸಾಲು ಅಲ್ಲಿದ್ದವು. ಅವುಗಳ ಕೆಳಗೆ ಚಿಲಕವೂ ಇತ್ತು. ಕಟ್ಟುವಾಗಿನ ಪುಟವನ್ನು ಪ್ರೋಗ್ರಾಂ ಇದ್ದಂತೆಯೇ ಎತ್ತಿ ಇಟ್ಟುಬಿಟ್ಟಿತ್ತು.

ಅದನ್ನು ತೆಗೆಯುವುದು ಅವಳ ಕೈಯಲ್ಲಿರಲಿಲ್ಲ. ಬಾಯಿ ಬಿಟ್ಟು ಹೇಳಬೇಕಿತ್ತು, ಅಷ್ಟೇ. ಎದ್ದು ನಿಂತಳು. ಹುಡುಗಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಏನೋ ಮಾಡುತ್ತಿದ್ದಳು. ಹೋಗಿ ಭುಜ ಮುಟ್ಟಿದ್ದರೆ ಸಾಕಿತ್ತು. ಅವಳು ಮತ್ತೆ ಕೂತಳು. ಪುಟ ಎಲ್ಲಿ ಹೋಯಿತು ಎಂದು ಎರಡು ದಿನ ತಡಕಾಡಲಿ. ತಡಕಾಡಿ, ಕೊನೆಗೆ ಈ ಮೇಜಿಗೆ ಬರಲಿ. ಟ್ಯಾಗಿನಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂದು ಆಗ ಹೇಳೋಣ. ಅವಳು ಮರೆತದ್ದಲ್ಲ, ಕಂಡೂ ಸುಮ್ಮನಿದ್ದದ್ದು. ಇದನ್ನು ಮೆತ್ತಗೆ ಹೇಳುವ ದಾರಿಯಿಲ್ಲ.

ಯಾರೂ ಬರಲಿಲ್ಲ. ತಿಂಗಳು ತಿಂಗಳು ದುಡ್ಡು ಕೊಡುವ ದೊಡ್ಡ ಗಿರಾಕಿಗಳ ಸೈಟಿಗೆ ಎಷ್ಟು ಜನ ಬಂದರೆಂದು ಹುಡುಗಿ ನೋಡುತ್ತಿದ್ದಳು. ಬೂಟಿನವನು ಮಾಡಿಸಿಕೊಂಡು ಹೋದವನು. ಅವನ ಪುಟ ನೋಡುವವರಿರಲಿಲ್ಲ. ಅವನಿಗೂ ಅನುಮಾನ ಬರಲಿಲ್ಲ. ತನ್ನ ಫೋನಿನಲ್ಲಿ ವಿಳಾಸ ಒತ್ತಿದರೆ ಪುಟ ಚೆನ್ನಾಗಿಯೇ ತೆರೆದುಕೊಳ್ಳುತ್ತಿತ್ತು. ಚಿಲಕ ಹುಡುಕಿಕೊಂಡು ಬರುವವರಿಗೆ, ವಿಳಾಸ ಗೊತ್ತಿರುವ ಯಜಮಾನನಿಗೆ ಅದು ಕಾಣಿಸುವುದಿಲ್ಲ.

ಅವಳು ಮಾತ್ರ ದಿನಾ ಬೆಳಿಗ್ಗೆ 'ಒಂದು ಕಾಲು ಗಿಡ್ಡ, ಬೂಟು' ಎಂದು ಹುಡುಕುತ್ತಿದ್ದಳು. ಹಳೆಯ ಸೈಟಿನ ಕಾಲದಿಂದ ಎಲ್ಲಕ್ಕಿಂತ ಮೇಲೆ ಬರುತ್ತಿದ್ದ ಅವನ ಪುಟ, ಯಂತ್ರ ಚಿಲಕವನ್ನು ಓದಿದ ಮೇಲೆ, ಒಂದು ದಿನ ಇಲ್ಲವಾಯಿತು. ಅಲ್ಲಿ ಸಿದ್ಧ ಬೂಟು ಮಾರುವವರು, ಕಾಲುನೋವಿನ ಎಣ್ಣೆಯವರು ಬಂದು ಕೂತರು. ಆ ಬೆಳಿಗ್ಗೆ ಅವಳಿಗೆ ಸಮಾಧಾನವಾಯಿತು ಎನ್ನುವುದನ್ನು ಮುಚ್ಚಿಡುವುದು ಬೇಡ. ತಲೆಯ ಸಾಲುಗಳು ಸತ್ತಿಲ್ಲ ಎಂದು ತಾನು ಹೇಳಿದ್ದು ನಿಜವಾಗಿತ್ತು. ಆದರೆ ಆ ಸಮಾಧಾನ ಬೇಗ ಹಳಸಿತು. ಈಗ ಹೇಳಿದರೆ, ನಿಮಗೆ ಯಾವಾಗ ಗೊತ್ತಾಯಿತು ಎಂದು ಕೇಳುತ್ತಾರೆ. ಇಂದು ಹೇಳದಿದ್ದರೆ ನಾಳೆ ಹೇಳುವುದು ಇನ್ನೂ ಕಷ್ಟ. ನಾಳೆಗಳು ಬಂದು ಹೋದವು.

ಬೇಸಿಗೆ ಕಳೆಯುವ ಹೊತ್ತಿಗೆ ಬೂಟಿನವನು ಮೆಟ್ಟಿಲು ಹತ್ತಿ ಬಂದ. ಬಾಗಿಲ ಬಳಿ ಅವಳನ್ನು ಕಂಡು, "ಇಲ್ಲಿಗೆ ಬಂದ್ರಾ ಮೇಡಂ? ಬಡ್ತಿನಾ?" ಎಂದ.

"ಹೂಂ, ಬಾಗಿಲಿನವರೆಗೆ ಬಡ್ತಿ. ಇನ್ನೊಂದು ಸಿಕ್ಕಿದ್ರೆ ಮೆಟ್ಟಿಲ ಮೇಲೆ."

ಅವನು ನಕ್ಕು, ಎದುರಿನ ಕುರ್ಚಿಯಲ್ಲಿ ಕೂತ. "ಈ ವರ್ಷದ ಬಾಡಿಗೆ ಮುಗಿದ ಮೇಲೆ ಪುಟ ಬೇಡ ಅಂತ ಹೇಳೋಕೆ ಬಂದೆ. ಅಂಗಡಿ ಬಿಟ್ಟುಬಿಟ್ಟೆ. ಅಲ್ಲಿನ ಫೋನೂ ತೆಗೆಸಿದೆ. ಭಾವಮೈದುನನ ಗೋಡೌನಿನಲ್ಲಿ ಕೂತ್ಕೋತೀನಿ, ಸಾಮಾನು ಬಂದಾಗ ಬಾಗಿಲು ತೆಗೆಯೋದು."

"ಯಾಕೆ ಬಿಟ್ರಿ?"

"ಹೊಸಬರು ಬರೋದೇ ನಿಂತುಹೋಯ್ತು. ಹಳಬರು ಎಷ್ಟು ಅಂತ ಬೂಟು ಸವೆಸ್ತಾರೆ? ಉಳಿದವರೆಲ್ಲ ಸಿದ್ಧ ಬೂಟು ಹಾಕ್ಕೊಂಡು ಕುಂಟ್ತಾ ಇರಬೇಕು. ನಿಮ್ಮ ತಪ್ಪೇನಿಲ್ಲ, ನೀವು ಬರೆದ ಸಾಲು ಚೆನ್ನಾಗಿತ್ತು. ಓದೋರು ಬೇಕಲ್ಲ."

ಅವಳು ಮೇಜಿನ ಮೇಲಿದ್ದ ಪೆನ್ನನ್ನು ಎತ್ತಿ ಇನ್ನೊಂದು ಕಡೆ ಇಟ್ಟಳು.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ" ಎಂದ ಅವನು. "ನೀವು ತಲೇಲಿ ಅದೇನೋ ಟ್ಯಾಗು ಗೀಗು ಬರೀತಿದ್ರಲ್ಲ, ಅದರಿಂದ ನಿಜವಾಗ್ಲೂ ಏನಾದ್ರೂ ಆಗುತ್ತಾ?"

ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಅವಳನ್ನೇ ಕೇಳಿದವನು ಅವನೊಬ್ಬನೇ. ಉತ್ತರ ಅವಳಲ್ಲಿತ್ತು. ಆಗುತ್ತದೆ, ನಿಮ್ಮ ಅಂಗಡಿಯೇ ಸಾಕ್ಷಿ ಎನ್ನಬೇಕಿತ್ತು. ಸಾಕ್ಷಿ ಎದುರಿನ ಕುರ್ಚಿಯಲ್ಲೇ ಕೂತಿತ್ತು.

"ಈಗ ಏನೂ ಆಗಲ್ಲ ಅಂತಾರೆ" ಎಂದಳು.

"ಅದನ್ನೇ ಅಂದ್ಕೊಂಡೆ" ಎಂದು ಅವನು ಎದ್ದ.

ಅವನ ಅಂಗಡಿ ಮುಚ್ಚಲು ಬೇರೆ ಕಾರಣಗಳೂ ಇದ್ದವು: ಚರ್ಮದ ಬೆಲೆ, ಬಾಡಿಗೆ, ಅವನ ವಯಸ್ಸು. ಅವೆಲ್ಲವನ್ನೂ ಅವಳು ಹಾಸಿಗೆಯಲ್ಲಿ, ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ ಒಂದೊಂದಾಗಿ ಹೇಳಿಕೊಂಡಳು. ಅವು ಸುಳ್ಳೇನೂ ಅಲ್ಲ. ಆದರೆ ಅವುಗಳಲ್ಲಿ ಯಾವುದೂ ಅವಳು ಎದ್ದು ನಿಂತು ಮತ್ತೆ ಕೂತದ್ದನ್ನು ಅಳಿಸಲಿಲ್ಲ.

ಕೆಲವು ವಾರ ಕಳೆದ ಮೇಲೆ ಹುಡುಗಿ ಪ್ರೋಗ್ರಾಂ ತಿದ್ದಿದಳು. ಮಧ್ಯಾಹ್ನ ಎಲ್ಲರೂ ಡಬ್ಬಿ ಬಿಚ್ಚಿಕೊಂಡಿದ್ದಾಗ ಅಪ್ಪನಿಗೆ ಹೇಳುತ್ತಿದ್ದಳು: "ಕೆಲವು ಹಳೇ ಸೈಟುಗಳಲ್ಲಿ ಚಿಲಕ ಹಾಗೇ ಉಳ್ಕೊಂಡಿತ್ತಪ್ಪ. ಎಲ್ಲ ಒಟ್ಟಿಗೆ ತೆಗೆಸಿದೆ."

"ಯಾರಾದ್ರೂ ಗಲಾಟೆ ಮಾಡಿದ್ರಾ?"

"ಇಲ್ಲ. ಯಾರಿಗೂ ಗೊತ್ತೇ ಆಗಿಲ್ಲ."

"ಹಾಗಾದ್ರೆ ಬಿಡು. ಅತ್ತಿಗೆ, ಸ್ವಲ್ಪ ಉಪ್ಪಿನ ಡಬ್ಬಿ ಈ ಕಡೆ ಕೊಡಿ."

ಅವಳು ಉಪ್ಪಿನ ಡಬ್ಬಿ ಕೊಟ್ಟಳು.

ಆಮೇಲೆ ಒಂದು ದಿನ ಅವಳ ಮೇಜಿನ ಫೋನ್ ಬಡಿದುಕೊಂಡಿತು. ಆ ಕಡೆ ಒಬ್ಬ ಹೆಂಗಸು, ತಗ್ಗಿದ ದನಿ. ಯಾರಿಗೂ ಕೇಳಿಸದ ಹಾಗೆ ಮೂಲೆಗೆ ಹೋಗಿ ಮಾತಾಡುತ್ತಿದ್ದಂತಿತ್ತು.

"ಬೂಟಿನ ಅಂಗಡಿ ನಂಬರ್ ಹತ್ತುತ್ತಾ ಇಲ್ಲ. ಪುಟ ಮಾಡಿದವರು ಅಂತ ಕೆಳಗೆ ನಿಮ್ಮ ನಂಬರ್ ಇತ್ತು, ಅದಕ್ಕೆ ಮಾಡಿದೆ. ನನ್ನ ಮಗಳಿಗೆ ಒಂದು ಕಾಲು ಗಿಡ್ಡ ಅಮ್ಮ. ಸ್ಕೂಲಲ್ಲಿ ಬೂಟು ಬಿಚ್ಚೋಕೆ ಅಳ್ತಾಳೆ. ಎಷ್ಟು ದಿನದಿಂದ ಹುಡುಕ್ತಿದ್ದೆ, ಇದು ಕಾಣಿಸೇ ಇರಲಿಲ್ಲ, ಇವತ್ತು ಸಿಕ್ತು. ಅಳತೆ ತೆಗೆಯುವಾಗ ಬೇರೆ ಯಾರೂ ಇರಲ್ಲ ಅಂತ ಬರೆದಿದೆ. ಅದು ನಿಜ ತಾನೇ?"

"ನಿಜ" ಎಂದಳು ಹಣೆಬರಹದಕ್ಕ.

"ಹಾಗಾದ್ರೆ ನಾಳೆನೇ ಕರ್ಕೊಂಡು ಬರಲಾ?"

"ಅಂಗಡಿ ಮುಚ್ಚಿದ್ದಾರೆ."

"ಮತ್ತೆ ಯಾವಾಗ ತೆಗೀತಾರೆ?"

"ತೆಗೆಯಲ್ಲಮ್ಮ."

ಆ ಹೆಂಗಸು ಇನ್ನೂ ಏನೋ ಕೇಳುವವಳಿದ್ದಳು. ಇವಳು ಫೋನ್ ಕೆಳಗಿಟ್ಟಳು.

"ಯಾರು ದೊಡ್ಡಮ್ಮ?" ಎಂದಳು ಹುಡುಗಿ, ಪರದೆಯಿಂದ ಕಣ್ಣು ತೆಗೆಯದೆ.

"ರಾಂಗ್ ನಂಬರ್" ಎಂದಳು ಅವಳು. ಫೋನ್ ಮತ್ತೆ ಬಡಿದುಕೊಂಡಿತು. ಫೋನ್ ಎತ್ತುವುದೇ ಈಗ ಅವಳ ಕೆಲಸ, ಎತ್ತಿದಳು.