ಶಹರಬಾನು ಚಹಾಕ್ಕೆ ಬುಡನ್‌ಸಾಬರ ಪಾತ್ರೆ

ಹೊನ್ನಾಳಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಹೊಳೆಯ ಕಡೆಗೆ ಇಳಿಯುವ ಓಣಿಯ ಕೊನೆಯ ಮನೆಯಲ್ಲಿ ಕಲಾಯಿ ಕೆಲಸದ ಬುಡನ್‌ಸಾಬ್ ತಾಮ್ರದ ಪಾತ್ರೆಯೊಂದರ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಗೋಡೆಯ ಸ್ವಿಚ್ಚು ಒತ್ತುತ್ತಾರೆ, ಬೆರಳಿನ ಹಿಂಬದಿಯಿಂದ ಪಾತ್ರೆಯನ್ನು ಮೆಲ್ಲಗೆ ಮುಟ್ಟುತ್ತಾರೆ. ಕರೆಂಟು ಹೊಡೆಯುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಒಳಗೆ ತಿರುಗಿ, "ಬಾ, ಬಾನು" ಎಂದು ಕರೆಯುತ್ತಾರೆ.

ಗೋಡೆ ಸವರಿಕೊಂಡು ಬರುವವರು ಅವರ ಹೆಂಡತಿ ಶಹರಬಾನು. ಎರಡೂ ಕಣ್ಣಿನ ನೋಟ ಹೋಗಿದೆ, ಬೆಳಕು ಯಾವುದು ಕತ್ತಲೆ ಯಾವುದು ಎಂಬುದಷ್ಟೇ ತಿಳಿಯುತ್ತದೆ. ಪಾತ್ರೆಯ ಪಕ್ಕ ಕೂತು ತಲೆ ವಾಲಿಸಿ ನೀರಿನ ಸದ್ದು ಕೇಳುತ್ತಾರೆ. ಮೊದಲು ಸಣ್ಣ ಗುಂಯ್‌ಗುಡುವಿಕೆ, ಆಮೇಲೆ ಚಿಟಿಚಿಟಿ, ಕೊನೆಗೆ ಗುಳುಗುಳು. "ಈಗ ಆತು ನೋಡ್ರಿ" ಎಂದು ಮುಷ್ಟಿಯಲ್ಲಿದ್ದ ಚಹಾಪುಡಿಯನ್ನು ಉದುರಿಸುತ್ತಾರೆ. ಕಂಡಕಂಡ ಹೋಟೆಲಿನ ಚಹಾ ಕುಡಿದು ನಾಲಿಗೆ ಕೆಡಿಸಿಕೊಂಡವನು ನಾನು, ಯಾವ ಚಹಾವನ್ನೂ ಸುಲಭಕ್ಕೆ ಹೊಗಳುವವನಲ್ಲ. ಇದನ್ನು ಮಾತ್ರ ಎರಡನೆಯ ಸಲ ಕೇಳಿ ಹಾಕಿಸಿಕೊಂಡೆ.

ಮೊದಲ ಬಸ್ಸು ಹತ್ತುವವರಿಗೆ ಈ ಮನೆಯ ಜಗಲಿಯಲ್ಲೇ ಚಹಾ. ಶಹರಬಾನು ಮದುವೆಯಾಗಿ ಬಂದಾಗಿನಿಂದ ನಡೆದುಬಂದದ್ದು. ಬುಡನ್‌ಸಾಬ್ ಮಾತ್ರ ಗಾಳಿಯೂದುವ ತಿದಿ, ತವರ, ನವಸಾಗರದ ಪುಡಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ನ್ಯಾಮತಿ, ಸೂರಗೊಂಡನಕೊಪ್ಪದ ಕಡೆ ಪಾತ್ರೆಗಳಿಗೆ ಕಲಾಯಿ ಹಾಕಲು ಹೋಗುತ್ತಾರೆ. ಈಗ, ಎಂಬತ್ನಾಲ್ಕನೇ ಇಸವಿಯಲ್ಲಿ, ಹಳ್ಳಿ ಹಳ್ಳಿಗೂ ಸ್ಟೀಲಿನ ಪಾತ್ರೆ ಬಂದು ಕಲಾಯಿಯವರ ಕೂಗಿಗೆ ಬಾಗಿಲು ತೆರೆಯುವವರು ಕಡಿಮೆ. ಅದನ್ನು ಅವರು ನಗುತ್ತಲೇ ಹೇಳುತ್ತಾರೆ. ಹೆಂಡತಿಯ ಸೆರಗಿಗೆ ಬೆಂಕಿ ಹತ್ತಿದ ದಿನದ ಮಾತು ಬಂದಾಗ ಆ ನಗು ನಿಲ್ಲುತ್ತದೆ.

"ಕಣ್ಣು ಮಂಜಾಗಿತ್ತು, ಒಲೆ ಎಲ್ಲೈತೆ ಅಂತ ಕೈಯಾಡಿಸಿದ್ಲು. ನಾನು ಹಿತ್ಲಾಗಿದ್ದೆ. ಓಡಿ ಬಂದು ಆರಿಸೋದ್ರಾಗೆ ಅವಳ ಕೈ ಸುಟ್ಟಿತ್ತು. ಆಮೇಲೆ ಸಿಟ್ಟು ತಡೀಲಾರ್ದೆ ಒಲೇನೇ ಒಡೆದು ಹಾಕಿದೆ ಕಣ್ರೀ."

ಸುಟ್ಟ ಕೈ ಮಾಯಿತು. ಒಲೆ ಹೋದ ಮೇಲೆ ಶಹರಬಾನು ಮಾತು ಬಿಟ್ಟರು. ಊಟ ಮುಂದಿಟ್ಟರೆ ಉಣ್ಣುವುದು, ಇಲ್ಲದಿದ್ದರೆ ಗೋಡೆಗೆ ಒರಗಿ ಕೂರುವುದು. ಪಕ್ಕದ ಮನೆಯ ಕಸ್ತೂರಮ್ಮ ಚಹಾ ತಂದುಕೊಟ್ಟರೆ ಮುಟ್ಟುತ್ತಿರಲಿಲ್ಲ. "ಕೂತಲ್ಲೇ ಕರಗಾಕೆ ಹತ್ತಿದ್ಲು" ಎನ್ನುತ್ತಾರೆ ಬುಡನ್‌ಸಾಬ್. ಒಡೆದದ್ದು ತಾವು, ಕಟ್ಟಿಕೊಡಬೇಕಾದವರೂ ತಾವೇ ಎಂದು ಅವರಿಗೆ ಅನ್ನಿಸಿತು. ಬೆಂಕಿಯಿಲ್ಲದೆ ಹೆಂಡತಿ ಚಹಾ ಮಾಡುವಂತಾಗಬೇಕು, ಅಷ್ಟೇ.

ಮೊದಲು ಅಂಗಡಿಯಿಂದ ನೀರಲ್ಲಿ ಮುಳುಗಿಸುವ ಕರೆಂಟಿನ ಕಾಯಿಲ್ ತಂದರು. ಅದರ ಸುತ್ತಲಿನ ನೀರು ಬೇಗ ಸದ್ದು ಮಾಡುತ್ತಿತ್ತು, ತಳದ ನೀರು ತಣ್ಣಗೇ ಇರುತ್ತಿತ್ತು. ಸದ್ದು ನಂಬಿ ಪುಡಿ ಹಾಕಿದರೆ ಎಲೆ ಅರಳುತ್ತಿರಲಿಲ್ಲ. ಶಹರಬಾನು ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು, ಎಷ್ಟೋ ದಿನಕ್ಕೆ ಬಾಯಿ ಬಿಟ್ಟರು: "ಈ ನೀರು ಸುಳ್ಳು ಹೇಳತೈತೆ." ಬೈದರೂ ಮಾತಾಡಿದಳಲ್ಲ ಎಂದು ಗಂಡನಿಗೆ ಖುಷಿಯೋ ಖುಷಿ!

ಮುಂದೆ ಮಾಡಿದ ಎಡವಟ್ಟನ್ನು ಕಲಾಯಿಯವರು ಮಾತ್ರ ಮಾಡಲು ಸಾಧ್ಯ. ತವರ ಸಮನಾಗಿ ಹರಡಬೇಕಾದರೆ ಪಾತ್ರೆಯನ್ನು ಕೆಂಡದ ಮೇಲೆ ತಿರುಗಿಸುತ್ತಲೇ ಇರಬೇಕು. ನೀರಿಗೂ ಅದೇ ಮದ್ದು ಎಂದು ಬುಡನ್‌ಸಾಬ್ ಕರೆಂಟ್ ಒಲೆಯೊಂದನ್ನು ತಂದು ಪಾತ್ರೆ ಸಮೇತ ತಿರುಗುವ ಮಣೆಯ ಮೇಲೆ ಕೂರಿಸಿದರು. ತಿರುಗಿಸಿದರು. ವೈರು ಮಣೆಯ ಕಾಲಿಗೆ ಹಗ್ಗದ ಹಾಗೆ ಸುತ್ತಿಕೊಂಡು ಕಿತ್ತುಬಂತು, ಓಣಿಯ ಫ್ಯೂಸೆಲ್ಲ ಹೋಯಿತು. "ಓಣಿ ಮಂದಿಯೆಲ್ಲ ಬಂದು ಬೈದ್ರು" ಎಂದು ಶಹರಬಾನು ಬಾಯಿಗೆ ಸೆರಗು ಹಿಡಿಯುತ್ತಾರೆ.

ದಾರಿ ಸಿಕ್ಕಿದ್ದು ನ್ಯಾಮತಿಯಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ಜಗಳೂರಿನ ಉಚ್ಚಂಗೆಪ್ಪನ ಅಂಗಡಿಯಲ್ಲಿ. "ಪಾತ್ರೆ ಯಾಕೆ ತಿರುಗಿಸ್ತೀಯೋ ಮಾರಾಯ, ತಂತೀನೇ ಅದರ ಸುತ್ತ ತಿರುಗಿಸು" ಎಂದ ಉಚ್ಚಂಗೆಪ್ಪ. ಇಬ್ಬರೂ ಸೇರಿ ತಾಮ್ರದ ಪಾತ್ರೆಯ ತಳಕ್ಕೂ ಕೆಳಗಿನ ಅರ್ಧ ಹೊಟ್ಟೆಗೂ ಇಸ್ತ್ರಿಪೆಟ್ಟಿಗೆಯೊಳಗೆ ಇರುವಂಥ ಅಭ್ರಕದ ಹಾಳೆ ಹೊದಿಸಿ, ಅದರ ಮೇಲೆ ಕಾಯುವ ತಂತಿಯನ್ನು ಬಿಡಿಬಿಡಿಯಾಗಿ ಸುತ್ತಿದರು. ಮತ್ತೆ ಅಭ್ರಕ, ಹೊರಗೊಂದು ಹಿತ್ತಾಳೆಯ ಕವಚ, ನೆಲಕ್ಕೆ ಅರ್ಥಿಂಗ್ ತಂತಿ. ಒಂದೇ ಕಡೆ ಉರಿಯದೆ ಸುತ್ತಲಿಂದಲೂ ಹದವಾಗಿ ಕಾವು ಹತ್ತಿತು. ಒಳಗಿನ ಕಲಾಯಿಯನ್ನು ಬುಡನ್‌ಸಾಬ್ ಹೇಗೆ ಹಾಕಿದ್ದಾರೆಂದರೆ, ಇಣುಕಿದರೆ ನಮ್ಮ ಮುಖ ಕಾಣುತ್ತದೆ. ನೋಡಲಾಗದವರಿಗಾಗಿ ಇಷ್ಟು ಹೊಳಪೇಕೆ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

"ಈಗ ನೀರು ಹೆಂಗೆ?" ಎಂದು ಶಹರಬಾನು ಅವರನ್ನೇ ಕೇಳುತ್ತೇನೆ.

"ಈಗ ಖರೇ ಹೇಳತೈತ್ರಿ" ಎನ್ನುತ್ತಾರೆ.

ಇಂಥದ್ದೇ ಇನ್ನಷ್ಟು ಮಾಡಿ ಮಾರಬಹುದಲ್ಲ ಎಂದರೆ ಬುಡನ್‌ಸಾಬ್ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅವರ ಚಿಂತೆ ಬೇರೆ. ತಂತಿ ಕೆಟ್ಟರೆ ಹೇಗೆ ಬದಲಿಸಬೇಕೆಂದು ಕಸ್ತೂರಮ್ಮನ ಮಗನಿಗೂ ಕಲಿಸಿಟ್ಟಿದ್ದಾರೆ. "ನಂಗೆ ವಯಸ್ಸಾತು. ನಾನು ಹೋದ ಮ್ಯಾಲೂ ಇದು ನಡೀಬೇಕು. ಒಂದು ಲೋಟ ಚಾಕ್ಕೆ ಇವಳು ಯಾರ ಬಾಗಲಾಗೂ ನಿಂತ್ಕೋಬಾರದು. ನಂಗೆ ಬೇರೇನೂ ಬ್ಯಾಡ್ರೀ."

ಹೊರಗೆ ಬಸ್ಸಿನ ಹಾರನ್ನು ಕೇಳುತ್ತಿದೆ. ಶಹರಬಾನು ಗಂಡನ ಮಾತು ಬಂದ ದಿಕ್ಕಿಗೆ ಮುಖ ತಿರುಗಿಸುತ್ತಾರೆ.

"ನೀವು ಹೋದ ಮ್ಯಾಲೆ ಚಾ ಕಾಸಿ ನಾನು ಯಾರಿಗೆ ಕೊಡ್ಲಿ?"

ಬುಡನ್‌ಸಾಬ್ ತಮ್ಮ ಖಾಲಿ ಲೋಟವನ್ನು ಹೆಂಡತಿಯ ಕೈಗೆ ತಾಗುವಂತೆ ಮುಂದೆ ಹಿಡಿಯುತ್ತಾರೆ.