ಬಾಳಿಕೆ ಬರುವ ಕಾವಲಿ

ಅಂಗಡಿಯವನು ಒಂದು ವಸ್ತುವನ್ನು ನನ್ನ ಕೈಗಿಟ್ಟು "ಸಾರ್, ಇದು ಲೈಫ್‌ಲಾಂಗ್ ಬರುತ್ತೆ" ಎಂದನೆಂದರೆ ನನಗೆ ತಲೆ ಕೆಡುತ್ತದೆ. ಯಾರ ಲೈಫು? ನನ್ನದೋ, ಅವನದೋ, ಆ ವಸ್ತುವಿನದೋ? ಕೇಳಿದರೆ ಜಗಳಗಂಟ ಅಂದುಕೊಂಡಾನು ಎಂದು ಸುಮ್ಮನೆ ತಲೆಯಾಡಿಸಿ ದುಡ್ಡು ಕೊಟ್ಟು ಬರುತ್ತೇನೆ. ಹಾಗೆ ತಲೆಯಾಡಿಸಿ ತಂದ ಕೊಡೆಯೊಂದು ಒಂದೇ ಮಳೆಗಾಲಕ್ಕೆ ಪ್ರಾಣ ಬಿಟ್ಟಿತು. ಯೋಚಿಸಿ ನೋಡಿದರೆ ಅವನು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಅದರ ಲೈಫು ಮುಗಿಯುವ ತನಕ ಅದು ಬಂತು.

ಈ ಗೊಂದಲ ನನಗೆ ಮದುವೆಯಲ್ಲಿ ಬಂದ ಬಳುವಳಿ. ನಾನು ಶಿವಮೊಗ್ಗದವನು, ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ಹೆಂಡತಿ ಪದ್ಮ ಭದ್ರಾವತಿಯವಳು. ಬಸ್ಸಿನಲ್ಲಿ ಕೂತು ಒಂದು ಪೊಟ್ಟಣ ಕಡಲೆಕಾಯಿ ಮುಗಿಸುವಷ್ಟರಲ್ಲಿ ಬರುವ ಊರು ಅದು. ಆದರೆ ಸಾಮಾನು ಕೊಳ್ಳುವ ವಿಷಯದಲ್ಲಿ ಬೇರೆಯೇ ದೇಶ. ನನ್ನ ಮಾವನವರು ಅಲ್ಲಿನ ಕಾರ್ಖಾನೆಯ ಎರಕದ ವಿಭಾಗದಲ್ಲಿದ್ದರು. ಕಬ್ಬಿಣದ ಜೊತೆ ಆಯುಷ್ಯ ಕಳೆದ ಮನುಷ್ಯ. ಜಗತ್ತಿನ ಯಾವ ವಸ್ತುವಿಗಾದರೂ ಅವರಲ್ಲಿ ಎರಡೇ ಪರೀಕ್ಷೆ. ಮೊದಲು ಎತ್ತಿ ತೂಕ ನೋಡುವುದು, ಆಮೇಲೆ ಬೆರಳ ಗೆಣ್ಣಿನಿಂದ ಕುಟ್ಟಿ ಸದ್ದು ಕೇಳುವುದು. ನ್ಯೂ ಟೌನಿನ ಕ್ವಾರ್ಟರ್ಸುಗಳ ಗಂಡಸರೆಲ್ಲ ಹೀಗೆಯೇ ಅಂತೆ. ಅಂಗಡಿಯಲ್ಲಿ ಟಣ್ ಟಣ್ ಎಂದು ಕೇಳಿದರೆ ಕಾರ್ಖಾನೆಯ ಪಾಳಿ ಬಿಟ್ಟಿತು ಅಂತ ಅರ್ಥ. ಹೆಣ್ಣು ನೋಡಲು ಹೋದ ದಿನ ಮಾವನವರು ನನ್ನ ಕೈ ಕುಲುಕಿ, ಬೆನ್ನು ತಟ್ಟಿ, ನಾಲ್ಕು ಮಾತಾಡಿಸಿ ಒಳಗೆ ಹೋಗಿ ಹೇಳಿದರಂತೆ: "ಹುಡುಗನಿಗೆ ತೂಕ ಕಮ್ಮಿ. ಸದ್ದು ಪರವಾಗಿಲ್ಲ." ಆ ಸದ್ದಿನ ಬಲದ ಮೇಲೆ ನನ್ನ ಮದುವೆ ನಡೆಯಿತು.

ಅವರು ತಂದ ಸಾಮಾನುಗಳೋ, ಅಬ್ಬಬ್ಬಾ! ಸ್ಟೂಲು ಸರಿಸಲು ಇಬ್ಬರು ಬೇಕು. ಕ್ವಾರ್ಟರ್ಸ್ ಬಿಟ್ಟು ಜನ್ನಾಪುರದ ಸ್ವಂತ ಮನೆಗೆ ಬಂದಾಗ ಅವರ ಮಂಚ ಇಳಿಸಲು ಇಡೀ ಬೀದಿಯೇ ಸೇರಿತ್ತಂತೆ. ಮಾವನವರು ತೀರಿಕೊಂಡು ವರ್ಷಗಳಾದವು, ಆ ಸ್ಟೂಲಿನ ಕೂದಲೂ ಕೊಂಕಿಲ್ಲ. ಬಂದವರೆಲ್ಲ "ಏನ್ ಗಟ್ಟಿ ಸಾಮಾನು ರೀ! ಈಗೆಲ್ಲಿ ಸಿಗುತ್ತೆ ಇಂಥಾ ಮಾಲು!" ಎನ್ನುತ್ತಾರೆ. ಅತ್ತೆ ಗೌರಮ್ಮನವರು ಹೂಂ ಎಂದು ತಲೆಯಾಡಿಸುತ್ತಾರೆ.

ಈ ಗಟ್ಟಿ ವಂಶದ ಹಿರಿಯಣ್ಣ ಎಂದರೆ ದೋಸೆ ಕಾವಲಿ. ದಪ್ಪ ಎರಕದ್ದು, ಎಣ್ಣೆ ಕುಡಿದು ಕುಡಿದು ಕನ್ನಡಿಯಾಗಿತ್ತು. ಅತ್ತೆ ಅಡುಗೆಮನೆಯನ್ನು ಸೊಸೆಗೆ ಬಿಟ್ಟುಕೊಟ್ಟು ಕಾಲವಾಗಿತ್ತು, ದೋಸೆಯನ್ನು ಮಾತ್ರ ಬಿಟ್ಟಿರಲಿಲ್ಲ. ಯಾರಿಗೆ ಗರಿಗರಿ, ಯಾರಿಗೆ ಮೆತ್ತಗೆ, ಯಾರಿಗೆ ಅಂಚು ಕೆಂಪಗೆ ಎಂಬುದೆಲ್ಲ ಅವರ ಕೈಯಲ್ಲಿತ್ತು. ಒಲೆಯ ಮುಂದೆ ಸಟ್ಟುಗ ಹಿಡಿದು ನಿಂತರೆ ಮನೆಯೆಲ್ಲ ಅವರ ಮುಂದೆ ತಟ್ಟೆ ಹಿಡಿದು ನಿಲ್ಲಬೇಕು. ಆ ಮನೆಯಲ್ಲಿ ಅವರಿಗೆ ಉಳಿದಿದ್ದ ದೊಡ್ಡಸ್ತಿಕೆ ಅದೊಂದೇ.

ಅಂಥವರು ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಮೂಳೆ ಕೂಡಿತು, ಶಕ್ತಿ ಕೂಡಲಿಲ್ಲ. ಒಂದು ಬೆಳಿಗ್ಗೆ ಕಾವಲಿ ಎತ್ತಲು ಹೋಗಿ ಅದು ಕೈಜಾರಿ ಅವರ ಪಾದದ ಪಕ್ಕದಲ್ಲೇ ಬಿತ್ತು. ನೆಲದ ಕಲ್ಲು ಸೀಳಿತು. ಕಾವಲಿಗೆ ಏನೂ ಆಗಲಿಲ್ಲ. ನನ್ನ ಭಾವಮೈದ ಗಾಬರಿಯಲ್ಲಿ ಕೂಗಾಡಿದ: "ಸಾಕಮ್ಮ ದೋಸೆ ಹೊಯ್ದಿದ್ದು! ಇನ್ಮೇಲೆ ಒಲೆ ಹತ್ರ ಬರ್ಬೇಡ, ಕೂತ್ಕೋ." ಅವನು ಹೇಳಿದ್ದು ಪ್ರೀತಿಯಿಂದಲೇ. ಅತ್ತೆ ಕೂತರು. ಆಮೇಲೆ ಅವರಿಗೆ ಮಾತೂ ಕಡಿಮೆಯಾಯಿತು, ಊಟವೂ ಕಡಿಮೆಯಾಯಿತು.

ನೋಡಿಕೊಂಡು ಬಂದ ಪದ್ಮ ಅತ್ತಳು. "ಅಮ್ಮಂಗೆ ಒಂದು ಹಗುರದ ಕಾವಲಿ ತಂದ್ಕೊಡಿ ರೀ. ಹಿಂಗೇ ಕೂರಿಸಿಬಿಟ್ರೆ ಅವಳು ಕೂತೇಬಿಡ್ತಾಳೆ."

ಆಗ ನಮ್ಮ ಶಿವಮೊಗ್ಗದ ಗಾಂಧಿ ಬಜಾರಿಗೆ ನಾನ್‌ಸ್ಟಿಕ್ ಕಾವಲಿಗಳು ಬಂದು ತುಂಬಿಕೊಳ್ಳುತ್ತಿದ್ದ ಕಾಲ. ತರುವುದೇನು ಮಹಾ ಎಂದು ಹೊರಟೆ. ಅಂಗಡಿಯವನು ಕೈಗಿಟ್ಟ. ಹಪ್ಪಳದಷ್ಟು ಹಗುರ. "ಎಷ್ಟು ದಿನ ಬರುತ್ತಪ್ಪ?" ಎಂದೆ. "ಎರಡು ವರ್ಷ ಗ್ಯಾರಂಟಿ ಸಾರ್." ಅಲ್ಲಿಗೆ ನನ್ನ ಕಾಲು ನಿಂತಿತು. ಎಪ್ಪತ್ತು ದಾಟಿದ ಹಿರಿಯರಿಗೆ ಎರಡು ವರ್ಷದ ಕಾವಲಿ ಕೊಟ್ಟರೆ ಏನರ್ಥ ಬರುತ್ತದೆ? ಅಳಿಯ ಇಷ್ಟೇ ಲೆಕ್ಕ ಹಾಕಿದ್ದಾನೆ ಅಂದುಕೊಂಡರೆ? ಹೋಗಲಿ, ಬಾಳಿಕೆ ಬರುವುದನ್ನೇ ಕೊಡೋಣವೆಂದರೆ ಅದನ್ನು ಎತ್ತಲು ಅವರಿಗೆ ಕೈಯಿಲ್ಲ. ವಸ್ತು ಗಟ್ಟಿಯಿದ್ದರೆ ಕೈ ಸೋಲುತ್ತದೆ, ಕೈಗೆ ಒಗ್ಗುವುದಕ್ಕೆ ಆಯುಷ್ಯವಿಲ್ಲ. ಬರಿಗೈಯಲ್ಲಿ ಮನೆಗೆ ಬಂದೆ. ಮಾರನೆಯ ವಾರವೂ ಹೋಗಿ ಹಾಗೆಯೇ ಬಂದೆ. ಪದ್ಮ ಹಣೆ ಚಚ್ಚಿಕೊಂಡಳು: "ಕಾವಲಿ ತನ್ನಿ ಅಂದ್ರೆ ಅದ್ರ ಜಾತಕ ನೋಡ್ತಾ ಕೂತಿದ್ದೀರಲ್ಲ ಮಾರಾಯ್ರೇ!"

ಇತಿಹಾಸದವನ ಕಷ್ಟ ಅವಳಿಗೆ ಹೇಗೆ ಗೊತ್ತಾಗಬೇಕು? ನಾವು ಬದುಕುವುದೇ ಒಡೆದ ಸಾಮಾನುಗಳ ಮೇಲೆ. ನೆಲ ಅಗೆದರೆ ಸಿಗುವುದು ಮಡಕೆಯ ಚೂರು. ಯಾವುದೋ ಕಾಲದ ಹೆಂಗಸಿನ ಕೈಜಾರಿದ್ದು, ಬೈದುಕೊಂಡು ಹಿತ್ತಲಿಗೆಸೆದದ್ದು. ಅದನ್ನು ಬ್ರಷ್ಷಿನಿಂದ ಒರೆಸಿ ನಾವು ನಾಗರಿಕತೆ ಅನ್ನುತ್ತೇವೆ. ಆ ಕಾಲದ ಗಂಡಸರೆಲ್ಲ ನನ್ನ ಮಾವನಂತೆ ಒಡೆಯದ ಪಾತ್ರೆಯನ್ನೇ ತಂದುಹಾಕಿದ್ದರೆ ಮೊಮ್ಮಕ್ಕಳ ಮೊಮ್ಮಕ್ಕಳು ಅದರಲ್ಲೇ ಬೇಯಿಸಿಕೊಂಡು ತಿನ್ನುತ್ತಿದ್ದರು, ಅಗೆಯಲು ಏನೂ ಸಿಗುತ್ತಿರಲಿಲ್ಲ, ನನಗೆ ಸಂಬಳವೂ ಹುಟ್ಟುತ್ತಿರಲಿಲ್ಲ. ಹಾಗಾದರೆ ನಾನು ಗಟ್ಟಿ ಸಾಮಾನಿನ ಪಕ್ಷವೋ, ಒಡೆಯುವ ಸಾಮಾನಿನ ಪಕ್ಷವೋ? ಇವತ್ತಿಗೂ ಬಗೆಹರಿದಿಲ್ಲ.

ಕೊನೆಗೆ ಪದ್ಮಳೇ ಅಮ್ಮನನ್ನು ಬಸ್ಸು ಹತ್ತಿಸಿಕೊಂಡು ಬಂದು ಸೀದಾ ಅಂಗಡಿಯ ಮುಂದೆ ಇಳಿಸಿದಳು. ಗ್ಯಾರಂಟಿಯ ಸುದ್ದಿ ಎತ್ತಬೇಡ ಎಂದು ನಾನು ಅಂಗಡಿಯವನಿಗೆ ಕಣ್ಣು ಮಿಟುಕಿಸಿದೆ. ಅವನು ಅದನ್ನು ಏನೆಂದು ತಿಳಿದನೋ, ತಾನೂ ಒಮ್ಮೆ ಮಿಟುಕಿಸಿದ. ಏನು ಮಾಡಲೂ ತೋಚದೆ ನಾನು ಮಾವನವರ ಶಿಷ್ಯನಂತೆ ಕಾವಲಿಯನ್ನು ಗೆಣ್ಣಿನಿಂದ ಕುಟ್ಟಿದೆ. ಡಬ್ ಎಂದಿತು.

"ಸಾರ್, ಉಂಗುರ, ಉಂಗುರ! ಗೀರು ಬೀಳುತ್ತೆ!" ಎಂದು ಅವನು ಕಿತ್ತುಕೊಂಡ. ಆಮೇಲೆ ಅತ್ತೆಯ ಕಡೆ ತಿರುಗಿ ಗಟ್ಟಿಯಾಗಿ, "ಅಜ್ಜೀ, ಎರಡು ವರ್ಷ ಗ್ಯಾರಂಟಿ! ಆಮೇಲೆ ನಮ್ಮನ್ನ ಕೇಳಂಗಿಲ್ಲ!" ಎಂದ.

ನಾನು ಫ್ಯಾನು ನೋಡತೊಡಗಿದೆ.

"ಎರಡೇ ವರ್ಷನಾ?" ಎಂದರು ಅತ್ತೆ.

"ಹಂಗೇನಿಲ್ಲ ಅತ್ತೆ," ನನಗೆ ಬೆವರು. "ಜೋಪಾನ ಮಾಡಿದ್ರೆ ಜಾಸ್ತಿನೇ ಬರುತ್ತೆ. ಬೇಡ ಅಂದ್ರೆ ಬೇರೆ ಕಡೆ ಗಟ್ಟಿದು ನೋಡೋಣ."

"ಗಟ್ಟಿದು ಯಾಕ್ರೀ?" ಎಂದರು. ಅಷ್ಟು ಖಡಕ್ಕಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ. "ನಿಮ್ಮ ಮಾವ ತಂದಿದ್ದೆಲ್ಲ ಗಟ್ಟಿನೇ. ಸ್ಟೂಲಿಂದ ಸಟ್ಟುಗದ ತನಕ ಎಲ್ಲಾ ಅವರೇ ಕುಟ್ಟಿ ನೋಡಿ ತಂದಿದ್ದು. ಒಂದಾದ್ರೂ ಹಾಳಾಯ್ತಾ? ಹಾಳಾಗ್ದೆ ಹೊಸದು ಕೊಡಿಸಿ ಅಂತ ಕೇಳೋದು ಹೆಂಗೆ? ಮದುವೆ ಆದ್ಮೇಲೆ ನಾನು ಪಾತ್ರೆ ಅಂಗಡಿ ಮೆಟ್ಲು ಹತ್ತಿದ್ದು ಇವತ್ತೇ ನೋಡಿ." ಮತ್ತೆ ತಾವೇ, "ಒಳ್ಳೆ ಮನುಷ್ಯ, ಪಾಪ. ಆದ್ರೆ ನಿಂಗೆ ಯಾವುದು ಬೇಕೇ ಅಂತ ಒಂದು ದಿನ ಕೇಳ್ಲಿಲ್ಲ" ಎಂದರು.

ನನಗೆ ನಾಚಿಕೆಯಾಯಿತು. ಅವರ ಆಯುಷ್ಯದ ಲೆಕ್ಕ ಹಾಕಿಕೊಂಡು ಅಷ್ಟು ದಿನ ತಲೆ ಕೆಡಿಸಿಕೊಂಡಿದ್ದೆನಲ್ಲ, ನಿಮಗೆ ಯಾವುದು ಬೇಕು ಎಂದು ನಾನೂ ಕೇಳಿರಲಿಲ್ಲ.

ಆಮೇಲೆ ಅತ್ತೆ ಅಂಗಡಿಯನ್ನೇ ಕೆಳಗಿಳಿಸಿದರು. ಅದು ತೆಗಿ, ಇದು ತೋರ್ಸು, ಆ ಮೇಲಿಂದು ಕೊಡು. ಚಿಕ್ಕದು ಬೇಡ, ಅಂಚು ಎದ್ದಿರುವುದು ಬೇಡ, ಕಪ್ಪು ಹಿಡಿ ಅಂತೂ ಬೇಡವೇ ಬೇಡ, ಕಪ್ಪು ನೋಡಿ ನೋಡಿ ಸಾಕಾಗಿದೆ. ಕೊನೆಗೆ ಕೆಂಪು ಹಿಡಿಯ ಕಾವಲಿಯೊಂದನ್ನು ಆರಿಸಿ, ಸೋತ ಬಲಗೈಯಲ್ಲೇ ಎತ್ತಿ ಅತ್ತಿತ್ತ ತಿರುಗಿಸಿ ನೋಡಿದರು. ಕಾವಲಿ ಕೈಜಾರಲಿಲ್ಲ. ಪದ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಂಗಡಿಯವನು ಅದನ್ನು ಕಾಗದದಲ್ಲಿ ಸುತ್ತುತ್ತಿದ್ದ. ಅತ್ತೆಯ ಕಣ್ಣು ಮಾತ್ರ ಮೇಲಿನ ಸಾಲಿನಲ್ಲಿ ನೇತಾಡುತ್ತಿದ್ದ ಹಸಿರು ಹಿಡಿಯ ಮೇಲೆಯೇ ಇತ್ತು. ಅವರು ಮುಂದಕ್ಕೆ ಬಾಗಿ ತಗ್ಗಿದ ದನಿಯಲ್ಲಿ ಕೇಳಿದರು:

"ಅಲ್ಲಪ್ಪಾ, ಒಂದೇ ವರ್ಷಕ್ಕೆ ಹಾಳಾಗೋದು ಯಾವ್ದೂ ಇಲ್ವಾ?"